ಸೂಜಾನ್ ಲಾಂಗ್ಲೆನ್: ಹವ್ಯಾಸಿಯ ದುಡಿಮೆ

ನಾಟಕದ ಮಾತು ಬಂದಾಗ ನಮ್ಮಲ್ಲಿ ಎರಡು ಪದಗಳು ತಪ್ಪದೆ ಬರುತ್ತವೆ: ವೃತ್ತಿ, ಹವ್ಯಾಸಿ. ಊರೂರು ತಿರುಗಿ, ಡೇರೆ ಹಾಕಿ, ಟಿಕೆಟ್ಟಿನ ಹಣದಲ್ಲಿ ಅನ್ನ ಕಂಡುಕೊಂಡ ಕಂಪನಿ ನಾಟಕದವರು ವೃತ್ತಿಯವರು. ಹಗಲೆಲ್ಲ ಕಚೇರಿಯಲ್ಲೋ ಕಾಲೇಜಿನಲ್ಲೋ ಸಂಬಳಕ್ಕೆ ದುಡಿದು ಸಂಜೆ ಬಣ್ಣ ಹಚ್ಚಿಕೊಂಡವರು ಹವ್ಯಾಸಿಗಳು. ಇಷ್ಟರಲ್ಲಿ ತಪ್ಪೇನೂ ಇಲ್ಲ. ಆದರೆ ಈ ವಿಂಗಡಣೆಯ ಒಳಗೆ ಮೆಲ್ಲಗೆ ಒಂದು ಮರ್ಯಾದೆಯ ಲೆಕ್ಕವೂ ಸೇರಿಕೊಂಡಿತು. ಕಾಸಿಗಾಗಿ ಆಡುವವನಿಗಿಂತ ಕಾಸಿಲ್ಲದೆ ಆಡುವವನು ಒಂದು ಮೆಟ್ಟಿಲು ಮೇಲೆ ಎಂಬ ಭಾವನೆ ಅದು. ಹವ್ಯಾಸಿಯ ಊಟ ಬೇರೆ ಎಲ್ಲಿಂದಲೋ ಬರುತ್ತಿತ್ತೆಂಬುದನ್ನು ಆ ಲೆಕ್ಕ ಹಿಡಿಯಲಿಲ್ಲ.

ಟೆನ್ನಿಸ್ ಆಟದಲ್ಲಿ ಈ ಲೆಕ್ಕವನ್ನು ಕಾಯಿದೆಯಾಗಿಯೇ ಬರೆದಿಟ್ಟಿದ್ದರು. ‘ಅಮೆಚೂರ್’ ಎಂಬ ಮಾತು ಇಂಗ್ಲಿಷಿಗೆ ಫ್ರೆಂಚಿನಿಂದ ಬಂದದ್ದು. ಅದರ ಲ್ಯಾಟಿನ್ ಮೂಲಕ್ಕೆ ಪ್ರೀತಿಸುವವನು ಎಂದರ್ಥ. ಪ್ರೀತಿಗೆ ಕೂಲಿ ಬೇಡ ಎಂಬ ವಾದ ಕೇಳುವುದಕ್ಕೆ ಚೆನ್ನಾಗಿದೆ. ಈ ವಾದದ ಬಲದಿಂದಲೇ, ಆಡಿದ್ದಕ್ಕಾಗಲಿ ಆಟ ಕಲಿಸಿದ್ದಕ್ಕಾಗಲಿ ಹಣ ಮುಟ್ಟಿದವರಿಗೆ ವಿಂಬಲ್ಡನ್ ಚಾಂಪಿಯನ್‌ಷಿಪ್ಪಿನ ಬಾಗಿಲನ್ನು 1968ರ ವರೆಗೆ ಮುಚ್ಚಿಟ್ಟಿದ್ದರು. ಆ ಬಾಗಿಲ ಒಳಗಿದ್ದು, ಒಳಗಿನ ಸಿಂಹಾಸನದ ಮೇಲೆಯೇ ಕುಳಿತಿದ್ದು, ತಾನಾಗಿ ಎದ್ದು ಹೊರಗೆ ನಡೆದ ಮೊದಲ ದೊಡ್ಡ ಆಟಗಾರ್ತಿ ಫ್ರಾನ್ಸಿನ ಸೂಜಾನ್ ಲಾಂಗ್ಲೆನ್. 1926ರಲ್ಲಿ ಹಾಗೆ ಹೊರಟಾಗ ಆಕೆಗೆ ಇಪ್ಪತ್ತೇಳು ವರ್ಷ. ಅದನ್ನು ಹಣದಾಸೆ ಎಂದವರಿದ್ದರು, ಹಮ್ಮು ಎಂದವರೂ ಇದ್ದರು. ಆಕೆಯ ಮೊದಲ ಹತ್ತು ವರ್ಷಗಳ ಕಥೆಯನ್ನು ನೋಡಿದರೆ ನನಗೆ ಬೇರೆಯಾಗಿ ತೋರುತ್ತದೆ. ಹನ್ನೊಂದನೆಯ ವಯಸ್ಸಿನಿಂದ ಆಕೆ ದುಡಿಯುತ್ತಲೇ ಇದ್ದಳು. ಇಪ್ಪತ್ತೇಳರಲ್ಲಿ ಆ ದುಡಿಮೆಯನ್ನು ದುಡಿಮೆ ಎಂದು ಕರೆದಳು, ಅಷ್ಟೆ.

ಸೂಜಾನ್ ಹುಟ್ಟಿದ್ದು 1899ರ ಮೇ 24ರಂದು, ಪ್ಯಾರಿಸಿನಲ್ಲಿ. ತಂದೆ ಶಾರ್ಲ್ ಲಾಂಗ್ಲೆನ್ ಅನುಕೂಲಸ್ಥ. ಪ್ಯಾರಿಸಿನ ಬೀದಿಗಳಲ್ಲಿ ಕುದುರೆ ಬಂಡಿಗಳನ್ನು ಓಡಿಸುವ ಕಂಪನಿಯೊಂದು ಅವನದಾಗಿತ್ತು. ಅದನ್ನು ಮಾರಿ ಬಂದ ಹಣದಲ್ಲಿ ಸಂಸಾರ ಬೇಸಗೆಯನ್ನು ಉತ್ತರದ ಕಾಂಪಿಯೆನ್ ಬಳಿಯ ಒಂದು ಹಳ್ಳಿಯಲ್ಲೂ ಚಳಿಗಾಲವನ್ನು ದಕ್ಷಿಣದ ಕಡಲ ತೀರದ ನೀಸ್ ನಗರದಲ್ಲೂ ಕಳೆಯುತ್ತಿತ್ತು. ಸೂಜಾನಳಿಗೊಬ್ಬ ತಮ್ಮನಿದ್ದ, ಅವನು ಎಳವೆಯಲ್ಲೇ ತೀರಿಕೊಂಡ. ಉಳಿದ ಈ ಒಬ್ಬ ಮಗಳಿಗೂ ಗೂರಲು. ಮಗುವಿನ ಉಸಿರಾಟ ಸುಧಾರಿಸಲಿ, ಬಯಲಿನಲ್ಲಿ ನಾಲ್ಕು ಹೆಜ್ಜೆ ಓಡಾಡಲಿ ಎಂದು ತಂದೆ 1910ರ ಜೂನಿನಲ್ಲಿ ಅವಳಿಗೊಂದು ಆಟಿಕೆಯ ರ್ಯಾಕೆಟ್ ಕೊಡಿಸಿದ. ಅಂಗಳದಲ್ಲಿ ಗೆರೆ ಎಳೆದು, ಬಲೆ ಕಟ್ಟಿದರು. ಮದ್ದಿಗೆಂದು ತಂದ ವಸ್ತು ಅದು. ಒಂದು ತಿಂಗಳು ಕಳೆಯುವುದರೊಳಗೆ ತಂದೆ ಪ್ಯಾರಿಸಿನಿಂದ ಒಳ್ಳೆಯ ರ್ಯಾಕೆಟ್ ತರಿಸಿದ. ಮೂರು ತಿಂಗಳಾಗುವ ಹೊತ್ತಿಗೆ ಶಾಂತಿಯಿ ಎಂಬ ಊರಿನ ಪಂದ್ಯಾವಳಿಯಲ್ಲಿ ಈ ಹುಡುಗಿ ಎರಡನೆಯ ಸ್ಥಾನ ಪಡೆದಳು.

ಇಲ್ಲಿಂದ ಮುಂದೆ ಆಟ ಆಟವಾಗಿ ಉಳಿಯಲಿಲ್ಲ. ಶಾರ್ಲ್ ಲಾಂಗ್ಲೆನ್ ಹೆಸರಾಂತ ಆಟಗಾರನೇನೂ ಅಲ್ಲ, ಆದರೆ ನೋಡುವ ಕಣ್ಣಿದ್ದವನು. ಚಳಿಗಾಲದಲ್ಲಿ ನೀಸ್, ಕಾನ್, ಮಾಂಟೆ ಕಾರ್ಲೊಗಳಿಗೆ ಯೂರೋಪಿನ ಸಿರಿವಂತರೆಲ್ಲ ಬಿಸಿಲು ಕಾಯಲು ಬರುತ್ತಿದ್ದರು. ಅವರೊಂದಿಗೆ ಒಳ್ಳೆಯ ಆಟಗಾರರೂ ಬರುತ್ತಿದ್ದರು. ಅವನು ಬೇಲಿಯ ಆಚೆ ನಿಂತು ನೋಡಿದ. ಹೆಂಗಸರು ಅಂಕಣದ ಹಿಂಗೆರೆಯಲ್ಲೇ ನಿಂತು, ಎದುರಾಳಿ ತಪ್ಪುವವರೆಗೆ ಚೆಂಡನ್ನು ಹಿಂದಿರುಗಿಸುತ್ತಲೇ ಇರುತ್ತಾರೆ; ಗಂಡಸರು ಬಲೆಯ ಬಳಿಗೆ ನುಗ್ಗಿ, ಚೆಂಡು ನೆಲ ಮುಟ್ಟುವ ಮುಂಚೆಯೇ ಹೊಡೆದು ಮುಗಿಸುತ್ತಾರೆ. ಮಗಳಿಗೆ ಗಂಡಸರ ಆಟವನ್ನೇ ಕಲಿಸುವುದೆಂದು ಅವನು ನಿಶ್ಚಯಿಸಿದ. ಅವಳ ಎದುರು ಗಂಡಸರನ್ನೇ ನಿಲ್ಲಿಸಿದ. ಓಟ, ಜಿಗಿತ, ಈಜು ಎಲ್ಲವೂ ದಿನಚರಿಗೆ ಸೇರಿದವು.

ಅವನ ಪಾಠಗಳಲ್ಲೆಲ್ಲ ಹೆಸರಾದದ್ದು ಕರವಸ್ತ್ರದ ಪಾಠ. ಅಂಕಣದ ಆಚೆ ಬದಿಯಲ್ಲಿ ಒಂದು ಕರವಸ್ತ್ರವನ್ನು ಹಾಸುವುದು; ಮಗಳು ಈಚೆಯಿಂದ ಹೊಡೆದ ಚೆಂಡು ಅದರ ಮೇಲೆಯೇ ಬೀಳಬೇಕು. ಹಾಗೆ ಬೀಳತೊಡಗಿದ ಮೇಲೆ ಬಟ್ಟೆಯನ್ನು ಮಡಿಸುವುದು, ಮತ್ತೆ ಮಡಿಸುವುದು. ಕಡೆಗೆ ಕರವಸ್ತ್ರ ಹೋಗಿ ಅಲ್ಲಿ ನಾಣ್ಯ ಬಂತೆಂದೂ ಹೇಳುತ್ತಾರೆ. ನಾಣ್ಯದ ಮಾತು ಕಥೆಯೇ ಇರಬಹುದು. ಆದರೆ ಮುಂದೆ ಆಕೆಯ ಎದುರು ಆಡಿ ಸೋತವರಿಗೆ ಅದನ್ನು ನಂಬುವುದು ಕಷ್ಟವಾಗುತ್ತಿರಲಿಲ್ಲ. ಚೆನ್ನಾಗಿ ಆಡದ ದಿನ ತಿಂಡಿಯ ಜೊತೆ ಜಾಮ್ ಇಲ್ಲ ಎಂಬ ಶಿಕ್ಷೆಯೂ ಆ ಮನೆಯಲ್ಲಿತ್ತಂತೆ. ಜನರೆದುರಿಗೇ ಬೈಯುವುದಕ್ಕೆ ತಂದೆ ಹಿಂಜರಿಯುತ್ತಿರಲಿಲ್ಲ. ತಾಯಿ ಅನಾಯಿಸಳೂ ಸುಮ್ಮನಿರುತ್ತಿರಲಿಲ್ಲ. ಗೂರಲಿಗೆ ಮದ್ದು ಹುಡುಕುತ್ತಿದ್ದ ತಂದೆ ಯಾವ ದಿನ ಮಗಳಿಂದ ಗೆಲುವು ತೆಗೆಯುವ ಯಜಮಾನನಾದನೆಂದು ಗೆರೆ ಎಳೆದು ಹೇಳುವಂತಿಲ್ಲ. ಅವನಲ್ಲಿ ಪ್ರೀತಿ ಇರಲಿಲ್ಲವೆಂದು ನಾನು ಹೇಳಲಾರೆ. ಸಂಗೀತದ ಮನೆಗಳಲ್ಲಿ ಬೆಳಗಿನ ಜಾವ ಮಕ್ಕಳನ್ನೆಬ್ಬಿಸಿ ಶ್ರುತಿಯ ಮುಂದೆ ಕೂರಿಸಿದ ತಂದೆಗಳ ಕುಲ ಇದು. ಅಲ್ಲಿ ಅದನ್ನು ಸಾಧಕ ಎನ್ನುತ್ತೇವೆ. ಯಾರೂ ಅದನ್ನು ಮಕ್ಕಳಾಟ ಎನ್ನುವುದಿಲ್ಲ. ಆದರೆ ಟೆನ್ನಿಸ್ ಕಾಯಿದೆಯ ಕಣ್ಣಿಗೆ ಸೂಜಾನ್ ಸಂತೋಷಕ್ಕಾಗಿ ಆಡುವ ಹುಡುಗಿ. ಇದೇ ಪಾಠವನ್ನು ಹಣ ಪಡೆದು ಹೇಳಿಕೊಡುವ ಬಡ ಶಿಕ್ಷಕನಾದರೆ ಅವನು ವೃತ್ತಿಯವನು, ಚಾಂಪಿಯನ್‌ಷಿಪ್ಪಿಗೆ ಹೊರಗಿನವನು. ತಂದೆಯ ಬಳಿ ಬಂಡಿ ಕಂಪನಿಯ ಹಣವಿದ್ದುದರಿಂದ ಮನೆಯೊಳಗೆ ಅದೇ ಪಾಠ ನಿರ್ಮಲವಾಗಿ ಉಳಿಯಿತು.

1914ರಲ್ಲಿ, ಹದಿನೈದು ಇನ್ನೂ ತುಂಬಿರದಾಗ, ಆಕೆ ಫ್ರೆಂಚ್ ಚಾಂಪಿಯನ್‌ಷಿಪ್ಪಿನ ಕಡೆಯ ಪಂದ್ಯಕ್ಕೆ ಬಂದಳು. ಎದುರಿಗೆ ಮಾರ್ಗರೀತ್ ಬ್ರೋಕೆಡಿಸ್, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದವಳು. ಮೊದಲ ಸೆಟ್ಟು 7-5ರಂತೆ ಹುಡುಗಿಗೆ. ಮುಂದಿನ ಎರಡು 6-4, 6-3ರಂತೆ ಬ್ರೋಕೆಡಿಸಳಿಗೆ. ಹದಿನೈದು ತುಂಬಿದ ಕೆಲವೇ ದಿನಗಳಲ್ಲಿ ಪ್ಯಾರಿಸಿನ ಹೊರವಲಯದ ಸಾಂ-ಕ್ಲೂವಿನಲ್ಲಿ ‘ವರ್ಲ್ಡ್ ಹಾರ್ಡ್ ಕೋರ್ಟ್ ಚಾಂಪಿಯನ್‌ಷಿಪ್’ ನಡೆಯಿತು. ಗಟ್ಟಿ ನೆಲವೆಂದು ಹೆಸರಾದರೂ ಅದು ಮಣ್ಣಿನ ಅಂಕಣ. ಹುಲ್ಲಲ್ಲದ್ದೆಲ್ಲ ಆಗ ಗಟ್ಟಿ. ಕಡೆಯ ಪಂದ್ಯದಲ್ಲಿ ಜೆರ್ಮೇನ್ ಗೋಲ್ಡಿಂಗಳನ್ನು 6-2, 6-1ರಿಂದ ಸೋಲಿಸಿ, ರ್ಯಾಕೆಟ್ ಹಿಡಿದ ನಾಲ್ಕು ವರ್ಷಕ್ಕೆ ಸೂಜಾನ್ ಜಗತ್ತಿನ ಬಿರುದೊಂದನ್ನು ಪಡೆದಳು.

ಎರಡು ತಿಂಗಳೊಳಗೆ ಮಹಾಯುದ್ಧ. ಪಂದ್ಯಗಳೆಲ್ಲ ನಿಂತುಹೋದವು. ಆಟಗಾರ್ತಿಯೊಬ್ಬಳು ಮೇಲೇರಬೇಕಾದ ಹದಿನೈದರಿಂದ ಇಪ್ಪತ್ತರವರೆಗಿನ ವರ್ಷಗಳು ಹೀಗೆ ಬರಿದಾದವು. ನೀಸ್ ಯುದ್ಧರಂಗಕ್ಕೆ ದೂರ. ಅಲ್ಲಿನ ಕ್ಲಬ್ಬಿನಲ್ಲಿ ಗಂಡಸರೊಡನೆ ಅಭ್ಯಾಸ ಮುಂದುವರಿಯಿತು. ಉತ್ತರದ ಹಳ್ಳಿಯ ಕಥೆ ಬೇರೆ. ಆ ಹಳ್ಳಿಯ ಹೆಸರಿನಲ್ಲೇ ಸೇರಿರುವ ಮಾಟ್ಸ್ ಹೊಳೆಯ ದಂಡೆಯಲ್ಲಿ 1918ರ ಜೂನಿನಲ್ಲಿ ಜರ್ಮನರಿಗೂ ಫ್ರೆಂಚರಿಗೂ ಘೋರ ಕಾಳಗ ನಡೆಯಿತು. ಆಟಿಕೆಯ ರ್ಯಾಕೆಟ್ ಮನೆಗೆ ಬಂದು ಆಗ ಸರಿಯಾಗಿ ಎಂಟು ವರ್ಷ.

ಯುದ್ಧ ಮುಗಿದ ಮರು ಬೇಸಗೆಗೆ ಸೂಜಾನ್ ವಿಂಬಲ್ಡನ್ನಿಗೆ ಹೊರಟಳು. ಹುಲ್ಲಿನ ಮೇಲೆ ಅವಳು ಪಂದ್ಯವಾಡಿದ್ದು ಅದೇ ಮೊದಲು. ಆಗಿನ ಪದ್ಧತಿಯಂತೆ ಹಿಂದಿನ ಸಲದ ಚಾಂಪಿಯನ್ ಮೊದಲ ಸುತ್ತುಗಳಲ್ಲಿ ಆಡಬೇಕಾಗಿರಲಿಲ್ಲ. ಉಳಿದವರೆಲ್ಲ ಸೆಣಸಿ ಒಬ್ಬರು ಮೇಲೆ ಬಂದ ಮೇಲೆ ಅವರೊಡನೆ ಒಂದೇ ಪಂದ್ಯ. ಕಾದು ಕುಳಿತಿದ್ದ ಚಾಂಪಿಯನ್ ಡೊರೊತಿಯಾ ಲ್ಯಾಂಬರ್ಟ್ ಚೇಂಬರ್ಸ್. ಏಳು ಸಲ ವಿಂಬಲ್ಡನ್ ಗೆದ್ದವಳು. 1911ರ ಕಡೆಯ ಪಂದ್ಯದಲ್ಲಿ ಎದುರಾಳಿಗೆ ಒಂದು ಗೇಮನ್ನೂ ಬಿಟ್ಟುಕೊಡದವಳು. ಪಾದ್ರಿಯ ಮಗಳು, ಇಬ್ಬರು ಮಕ್ಕಳ ತಾಯಿ, ವಯಸ್ಸು ನಲವತ್ತನ್ನು ಮುಟ್ಟಿತ್ತು. ಎದುರಿಗೆ ಅವಳ ಅರ್ಧ ವಯಸ್ಸಿನ ಹುಡುಗಿ.

ಅವರಿಬ್ಬರು ಅಂಕಣಕ್ಕೆ ಬಂದು ನಿಂತದ್ದೇ ಎರಡು ಕಾಲಗಳು ಎದುರುಬದುರಾದಂತಿತ್ತು. ಚೇಂಬರ್ಸ್ ಉಟ್ಟಿದ್ದುದು ಪಾದದ ಹತ್ತಿರಕ್ಕೆ ಇಳಿದ ಲಂಗ, ಮಣಿಕಟ್ಟಿನವರೆಗೆ ತೋಳಿದ್ದ ರವಿಕೆ. ಸೂಜಾನಳ ಲಂಗ ಮೀನಖಂಡದವರೆಗೆ ಬಂದು ನಿಂತಿತ್ತು, ತೋಳು ಗಿಡ್ಡ, ತಲೆಗೊಂದು ಮೆತ್ತನೆಯ ಟೊಪ್ಪಿಗೆ. ಸೊಂಟವನ್ನು ಬಿಗಿದು ಕಟ್ಟುವ ಕಾರ್ಸೆಟ್ ಎಂಬ ಒಳ ಉಡುಪನ್ನು ಆಕೆ ಬಿಟ್ಟೇಬಿಟ್ಟಿದ್ದಳು. ಪತ್ರಿಕೆಗಳಲ್ಲಿ ಕೆಲವರು ಮುಖ ಸಿಂಡರಿಸಿದರು. ಆದರೆ ಗೂರಲಿನ ಹುಡುಗಿ ಎದೆಯನ್ನು ಬಿಗಿದುಕೊಂಡು ಗಂಡಸರಂತೆ ಓಡುವುದು ಸಾಧ್ಯವಿತ್ತೆ? ಫ್ಯಾಷನ್ನಿನ ಇತಿಹಾಸ ಬರೆಯುವವರು ಈ ಉಡುಪಿಗೆ ಬಹಳ ಪುಟಗಳನ್ನು ಕೊಟ್ಟಿದ್ದಾರೆ. ನನಗೆ ಅದು ಮೊದಲು ಕೆಲಸದ ಉಡುಪಾಗಿ ಕಾಣುತ್ತದೆ.

ದೊರೆ ಐದನೆಯ ಜಾರ್ಜ್ ಮತ್ತು ರಾಣಿ ಮೇರಿಯ ಎದುರಿಗೆ, ಸುಮಾರು ಎಂಟು ಸಾವಿರ ಜನರ ನಡುವೆ, ಆ ಪಂದ್ಯ ನಡೆಯಿತು. ಮೊದಲ ಸೆಟ್ಟು ಜಗ್ಗಾಡಿ ಜಗ್ಗಾಡಿ 10-8ಕ್ಕೆ ಸೂಜಾನಳ ಕಡೆ ಮುಗಿಯಿತು. ಎರಡನೆಯದು 6-4, ಚೇಂಬರ್ಸಳಿಗೆ. ಹುಡುಗಿಯ ಮುಖ ಬಾಡಿತು. ಗ್ಯಾಲರಿಯಲ್ಲಿ ಕುಳಿತಿದ್ದ ತಂದೆ ಕಾನ್ಯಾಕ್ ಬ್ರಾಂದಿಯಲ್ಲಿ ನೆನೆಸಿದ ಸಕ್ಕರೆ ತುಂಡುಗಳನ್ನು ಅವಳತ್ತ ಎಸೆದ. ಅವಳು ಬಾಯಿಗೆ ಹಾಕಿಕೊಂಡು ಮತ್ತೆ ನಿಂತಳು. ಇಂಗ್ಲಿಷ್ ಪ್ರೇಕ್ಷಕರಿಗೆ ಇದು ತಮಾಷೆಯಾಗಿಯೂ ಸ್ವಲ್ಪ ಅಸಹ್ಯವಾಗಿಯೂ ತೋರಿರಬೇಕು. ಮೂರನೆಯ ಸೆಟ್ಟಿನಲ್ಲಿ ಸೂಜಾನ್ 4-1ರ ಮುನ್ನಡೆ ಪಡೆದು, ಇನ್ನೇನು ಮುಗಿಯಿತು ಎನ್ನುವಾಗ ಚೇಂಬರ್ಸ್ ಒಂದೊಂದೇ ಗೇಮನ್ನು ಹಿಂದಕ್ಕೆ ಕಿತ್ತುಕೊಂಡು 6-5, 40-15ಕ್ಕೆ ಬಂದು ನಿಂತಳು. ಎರಡು ಪಾಯಿಂಟುಗಳಲ್ಲಿ ಒಂದು ಬಂದರೂ ಎಂಟನೆಯ ಬಿರುದು ಅವಳದು.

ಮೊದಲನೆಯದರಲ್ಲಿ ಸೂಜಾನ್ ಓಡಿ ಕೈ ಚಾಚಿದಳು. ಚೆಂಡು ತಂತಿಗೆ ಸರಿಯಾಗಿ ಸಿಕ್ಕಲಿಲ್ಲ. ರ್ಯಾಕೆಟ್ಟಿನ ಮರದ ಚೌಕಟ್ಟಿಗೆ ತಾಗಿ, ಹೇಗೋ ಬಲೆಯ ಆಚೆ ಬಿತ್ತು. ಎರಡನೆಯದರಲ್ಲಿ ಚೇಂಬರ್ಸ್ ಮೆಲ್ಲಗೆ ಹಾಕಿದ ಚೆಂಡು ಬಲೆಯ ಅಂಚಿಗೆ ತಗುಲಿತು. ಆ ಪಾಯಿಂಟೂ ಸೂಜಾನಳಿಗೇ ಹೋಯಿತು. ಕರವಸ್ತ್ರವನ್ನು ಮಡಿಸಿ ಮಡಿಸಿ ಕಲಿಸಿದ ವಿದ್ಯೆಯೆಲ್ಲ ಒಂದು ತೂಕ. ಮರದ ಚೌಕಟ್ಟಿಗೆ ತಾಗಿದ ಆ ಒಂದು ಚೆಂಡು ಇನ್ನೊಂದು ತೂಕ. ಕಡೆಗೆ 9-7. ಒಟ್ಟು ನಲವತ್ತನಾಲ್ಕು ಗೇಮುಗಳು. ವಿಂಬಲ್ಡನ್ನಿನ ಹೆಂಗಸರ ಕಡೆಯ ಪಂದ್ಯ ಅದಕ್ಕಿಂತ ಉದ್ದವಾದದ್ದು 1970ರಲ್ಲಿ ಮಾತ್ರ.

ಅಲ್ಲಿಂದ ಮುಂದಿನ ಏಳು ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಗೆಲುವಿನ ಪಟ್ಟಿ ಓದುವುದಕ್ಕೆ ಬೇಸರ. ವಿಂಬಲ್ಡನ್ ಆರು ಸಲ. 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಸಿಂಗಲ್ಸಿನಲ್ಲಿ ಹತ್ತು ಸೆಟ್ಟುಗಳಿಗೆ ನಾಲ್ಕೇ ಗೇಮು ಬಿಟ್ಟುಕೊಟ್ಟು ಚಿನ್ನ. ಆ ವರ್ಷಗಳಲ್ಲಿ ಸಿಂಗಲ್ಸಿನಲ್ಲಿ ಸೋತದ್ದು ಒಂದೇ ಒಂದು ಸಲ, 1921ರಲ್ಲಿ ನ್ಯೂಯಾರ್ಕಿನಲ್ಲಿ. ಯುದ್ಧದಿಂದ ಹಾಳಾದ ಫ್ರಾನ್ಸಿನ ಪ್ರಾಂತಗಳಿಗೆ ಹಣ ಕೂಡಿಸುವ ಪ್ರದರ್ಶನ ಪಂದ್ಯಗಳಿಗಾಗಿ, ತಂದೆಯ ಇಷ್ಟಕ್ಕೆ ವಿರುದ್ಧವಾಗಿ, ಹೋದ ಪ್ರಯಾಣ ಅದು. ಹಡಗಿನಿಂದಿಳಿದ ಕೆಲವೇ ದಿನಗಳಿಗೆ ಮೊಲ್ಲಾ ಮ್ಯಾಲರಿಯ ಎದುರು ಮೊದಲ ಸೆಟ್ಟು ಸೋತು, ಎರಡನೆಯದರ ಆರಂಭದಲ್ಲೇ ಕೆಮ್ಮುತ್ತ ಕಣ್ಣೀರಿಡುತ್ತ ಅಂಕಣ ಬಿಟ್ಟಳು. ಮರುವರ್ಷ ವಿಂಬಲ್ಡನ್ನಿನಲ್ಲಿ ಅದೇ ಮ್ಯಾಲರಿಯನ್ನು ಇಪ್ಪತ್ತಾರು ನಿಮಿಷಗಳಲ್ಲಿ ಸೋಲಿಸಿ ಕಳುಹಿಸಿದಳು.

ಹೆಚ್ಚು ಗಮನಿಸಬೇಕಾದದ್ದು ಈ ಗೆಲುವುಗಳ ಸುತ್ತ ಹರಿದ ಹಣ. ಸೂಜಾನಳನ್ನು ನೋಡಲು ಬಂದ ಜನಕ್ಕೆ ವಿಂಬಲ್ಡನ್ನಿನ ಹಳೆಯ ಮೈದಾನ ಸಾಲದಾಯಿತು. 1922ರಲ್ಲಿ ಕ್ಲಬ್ಬು ದೊಡ್ಡ ಮೈದಾನಕ್ಕೆ ಹೋಯಿತು. ಪ್ಯಾರಿಸಿನ ದರ್ಜಿ ಜಾನ್ ಪಾತೂ ಆಕೆಗೆ ಉಡುಪು ಹೊಲಿದ. ಆ ಉಡುಪನ್ನು ನೋಡಿದ ಸಿರಿವಂತ ಹೆಂಗಸರು ಅವನ ಅಂಗಡಿಗೆ ಬಂದರು. 1926ರ ಫೆಬ್ರವರಿ 16ರಂದು ಕಾನ್ ನಗರದ ಕಾರ್ಲ್‌ಟನ್ ಕ್ಲಬ್ಬಿನಲ್ಲಿ ಅಮೆರಿಕದ ಹೆಲೆನ್ ವಿಲ್ಸಳೊಡನೆ ಆಕೆ ಆಡಿದ ಪಂದ್ಯವಂತೂ ಜಾತ್ರೆಯೇ. ಸ್ವೀಡನ್ನಿನ ದೊರೆ ಬಂದಿದ್ದ. ಆಗ ಫ್ರಾನ್ಸಿನಲ್ಲೇ ನೆಲಸಿದ್ದ ನಮ್ಮ ದಕ್ಷಿಣದ ಪುದುಕೋಟೆಯ ರಾಜನೂ ಬಂದಿದ್ದ. ಟಿಕೆಟ್ ಸಿಕ್ಕದವರು ಪಕ್ಕದ ಮನೆಗಳ ಛಾವಣಿಯನ್ನೂ ನೀಲಗಿರಿ ಮರಗಳನ್ನೂ ಹತ್ತಿದರು. ಸೂಜಾನ್ 6-3, 8-6ರಿಂದ ಗೆದ್ದಳು. ಟಿಕೆಟ್ ಮಾರಿದವರಿಗೆ, ಹೋಟೆಲಿನವರಿಗೆ, ಪತ್ರಿಕೆಯವರಿಗೆ ಎಲ್ಲರಿಗೂ ಆ ದಿನ ಸುಗ್ಗಿ. ಕಾಯಿದೆಯ ಪ್ರಕಾರ ಅಲ್ಲಿ ಬಿಡಿಗಾಸು ಮುಟ್ಟಬಾರದವರು ಇಬ್ಬರೇ, ಬಲೆಯ ಈಚೆ ಒಬ್ಬಳು, ಆಚೆ ಒಬ್ಬಳು.

ಅಷ್ಟರಲ್ಲಿ ತಂದೆ ಕಾಯಿಲೆ ಬಿದ್ದಿದ್ದ. ಮಗಳ ಆ ಪಂದ್ಯವನ್ನು ನೋಡಲು ಬರಲಾರದವನಾಗಿದ್ದ. ಬಂಡಿ ಕಂಪನಿಯ ಹಣವೂ ಮೊದಲಿನಂತಿರಲಿಲ್ಲ. ಆ ಬೇಸಗೆಯ ವಿಂಬಲ್ಡನ್ನಿನಲ್ಲಿ ಪಂದ್ಯದ ಹೊತ್ತಿನ ವಿಷಯದಲ್ಲಿ ಗೊಂದಲವಾಗಿ, ರಾಣಿ ಮೇರಿ ಬಂದು ಕುಳಿತಿದ್ದರೂ ಸೂಜಾನ್ ತಡವಾಗಿ ಬಂದಳು. ತಪ್ಪು ಯಾರದೆಂಬುದಕ್ಕಿಂತ ರಾಣಿಯನ್ನು ಕಾಯಿಸಿದಳೆಂಬುದೇ ದೊಡ್ಡದಾಯಿತು. ಹಿಂದಿನ ದಿನದವರೆಗೆ ಮುದ್ದಿಸಿದ ಜನ ಮುಖ ತಿರುಗಿಸಿದರು. ಕೆಲವು ದಿನಗಳಲ್ಲಿ ಆಕೆ ಪಂದ್ಯಾವಳಿಯನ್ನೇ ಬಿಟ್ಟು ಬಂದಳು. ಮತ್ತೆಂದೂ ಅಲ್ಲಿ ಆಡಲಿಲ್ಲ.

ಆಗಸ್ಟಿನಲ್ಲಿ ಕರಾರಿಗೆ ರುಜು ಬಿತ್ತು. ಅಮೆರಿಕದ ಸಿ. ಸಿ. ಪೈಲ್ ಎಂಬ ಥಿಯೇಟರ್ ಮಾಲಿಕ, ಆಟಗಾರರನ್ನು ಊರೂರು ತಿರುಗಿಸಿ ಹಣ ಮಾಡುವುದನ್ನು ಕಂಡುಕೊಂಡಿದ್ದವನು, ಆಕೆಗೆ 50,000 ಡಾಲರ್ ಕೊಡಲು ಒಪ್ಪಿದ. ತಾನು ಏಕೆ ವೃತ್ತಿಗೆ ಇಳಿದೆನೆಂಬುದಕ್ಕೆ ಸೂಜಾನ್ ಕೊಟ್ಟ ಕಾರಣದಲ್ಲಿ ಸಂಕೋಚವಿಲ್ಲ. ಇಷ್ಟು ವರ್ಷ ತಾನು ಇತರರಿಗೆ ಲಕ್ಷಾಂತರ ಫ್ರಾಂಕು ದುಡಿದುಕೊಟ್ಟೆ. ಹಾಗೆ ದುಡಿಯುವ ಅನುಮತಿಗಾಗಿ ಪ್ರವೇಶಶುಲ್ಕವನ್ನೂ ತಾನೇ ತೆತ್ತೆ. ಬೇರೆ ಯಾವ ಕಸುಬಿನವರು ದುಡಿಯುವಷ್ಟೇ ಈ ಕಸುಬಿನಲ್ಲಿ ದುಡಿದೆ. ಈ ಕಾಯಿದೆಯ ಕೆಳಗೆ ಸಿರಿವಂತರು ಮಾತ್ರ ಆಡಬಲ್ಲರು, ಇದು ನ್ಯಾಯವೇ ಎಂಬುದು ಅದರ ಸಾರ. ಸ್ವತಃ ಸಿರಿವಂತನ ಮಗಳಾಗಿ ಬೆಳೆದವಳು ಈ ಮಾತನ್ನಾಡಿದ್ದನ್ನು ಕೆಲವರು ಬೂಟಾಟಿಕೆ ಎಂದರು. ನಾನು ಹಾಗೆನ್ನಲಾರೆ. ಹಣವಿದ್ದಾಗ ಏನು ನಡೆಯುತ್ತದೆ, ಅದು ಕರಗಿದಾಗ ಏನಾಗುತ್ತದೆ, ಎರಡನ್ನೂ ಕಂಡವಳ ಮಾತು ಅದು.

1926ರ ಅಕ್ಟೋಬರ್ 9ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸುಮಾರು ಹದಿಮೂರು ಸಾವಿರ ಜನರ ಮುಂದೆ ಮೊದಲ ಪ್ರದರ್ಶನ. ಆಮೇಲೆ ನಮ್ಮ ನಾಟಕ ಕಂಪನಿಗಳಂತೆಯೇ ಊರಿಂದ ಊರಿಗೆ ರೈಲು, ರಾತ್ರಿ ಆಟ, ಮರುದಿನ ಮತ್ತೆ ಗಂಟುಮೂಟೆ. ಎದುರಾಳಿಯಾಗಿದ್ದ ಮೇರಿ ಬ್ರೌನ್ ಅಮೆರಿಕದ ಹಳೆಯ ಚಾಂಪಿಯನ್. ಅವಳೊಡನೆ ಆಡಿದ ಮೂವತ್ತೆಂಟು ಪಂದ್ಯಗಳನ್ನೂ ಸೂಜಾನ್ ಗೆದ್ದಳು. ತಂಡದಲ್ಲಿ ಗಂಡಸರೂ ಇದ್ದರು, 1924ರ ಒಲಿಂಪಿಕ್ಸ್ ಗೆದ್ದ ವಿನ್ಸೆಂಟ್ ರಿಚರ್ಡ್ಸ್ ಅವರಲ್ಲೊಬ್ಬ. 1927ರ ಫೆಬ್ರವರಿಯಲ್ಲಿ ಪ್ರವಾಸ ಮುಗಿಯಿತು; ಅದೇ ವರ್ಷ ಬ್ರಿಟನ್ನಿನಲ್ಲಿ ಇನ್ನೊಂದು ಚಿಕ್ಕ ಪ್ರವಾಸ, ಅಲ್ಲಿಗೆ ಸರಿ. ವಿಂಬಲ್ಡನ್ ಕ್ಲಬ್ಬು ತಾನು ಕೊಟ್ಟಿದ್ದ ಗೌರವ ಸದಸ್ಯತ್ವವನ್ನು ಹಿಂದಕ್ಕೆ ಪಡೆಯಿತು. ಹಳೆಯ ಅಂಕಣಗಳಿಗೆ ಅವಳು ಹಿಂದಿರುಗುವ ದಾರಿ ಇರಲಿಲ್ಲ. ಮುಂದಿನ ದಶಕದಲ್ಲಿ ಪ್ಯಾರಿಸಿನಲ್ಲಿ ಟೆನ್ನಿಸ್ ಶಾಲೆ ನಡೆಸಿ ಮಕ್ಕಳಿಗೆ ಆಟ ಕಲಿಸಿದಳು. 1938ರ ಜುಲೈ 4ರಂದು, ರಕ್ತಹೀನತೆಯ ಕಾಯಿಲೆಯಿಂದ, ಮೂವತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡಳು. ಪ್ಯಾರಿಸಿನ ರೋಲಾಂ ಗಾರೋಸಿನಲ್ಲಿ ಇಂದು ಆಕೆಯ ಹೆಸರಿನ ಅಂಕಣವಿದೆ. ಅಲ್ಲಿ ಹೆಂಗಸರ ಸಿಂಗಲ್ಸ್ ಗೆದ್ದವಳ ಕೈಗೆ ಕೊಡುವ ಬಟ್ಟಲೂ ಆಕೆಯ ಹೆಸರಿನದೇ.

1968ರಲ್ಲಿ ವಿಂಬಲ್ಡನ್ ಕಾಯಿದೆ ಬದಲಾಯಿಸಿ, ವೃತ್ತಿಯವರನ್ನು ಒಳಗೆ ಬಿಟ್ಟು, ಮೊದಲ ಬಾರಿ ಬಹಿರಂಗವಾಗಿ ಹಣದ ಬಹುಮಾನ ಕೊಟ್ಟಿತು. ಗಂಡಸರ ಚಾಂಪಿಯನ್ ರಾಡ್ ಲೇವರ್‌ಗೆ 2,000 ಪೌಂಡು, ಹೆಂಗಸರ ಚಾಂಪಿಯನ್ ಬಿಲ್ಲಿ ಜೀನ್ ಕಿಂಗ್‌ಗೆ 750. ನಲವತ್ತೆರಡು ವರ್ಷಗಳ ಹಿಂದೆ ಪೈಲ್ ಕಟ್ಟಿದ್ದ ತಂಡದಲ್ಲಿ, ಗಂಡಸರನ್ನೂ ಸೇರಿಸಿಕೊಂಡು, ಎಲ್ಲರಿಗಿಂತ ಹೆಚ್ಚು ಹಣದ ಕರಾರು ಇದ್ದುದು ಸೂಜಾನಳ ಹೆಸರಿನಲ್ಲಿ.